ಹಲ್ಲಿಗೊಂದು ದರ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುವ ಗಾದೆ ದೋಷವನ್ನು ವಿಧಿಯ ಮೇಲೆ ಹೊರಿಸುತ್ತದೆ. ಆದರೆ ಎಷ್ಟೋ ಹಲ್ಲುಗಳು ಹೋಗುವುದು ದರಪಟ್ಟಿಯಿಂದ.

2024ರ ನವೆಂಬರಿನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಹೊರರೋಗಿಯ ಚೀಟಿ 10 ರೂಪಾಯಿಯಿಂದ 20ಕ್ಕೇರಿತು. ಒಂದು ಚಹಾದ ಕ್ರಯವಲ್ಲವೇ, ಪುಕ್ಕಟೆಯದಕ್ಕೆ ಬೆಲೆಯಿಲ್ಲ ಎನ್ನುವವರು ಉಂಟು. ನಮ್ಮ ಕಡೆಯ ಲೆಕ್ಕ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಒಳಊರುಗಳಿಂದ ಸರಕಾರಿ ಆಸ್ಪತ್ರೆಗೆ ಬರುವ ಬೀಡಿ ಕಟ್ಟುವ ಹೆಂಗಸು ಖಾಸಗಿ ಬಸ್ಸಿನ ಟಿಕೇಟನ್ನೂ ಆ ದಿನದ ಮಜೂರಿಯನ್ನೂ ಮೊದಲೇ ತೆತ್ತಿರುತ್ತಾಳೆ. ಹಲ್ಲು ಉಳಿಸುವ ರೂಟ್ ಕೆನಾಲಿಗೆ ಹಲವು ಸಲ ಬರಬೇಕಾದೀತು; ಕೀಳಿಸಲು ಸಾಮಾನ್ಯವಾಗಿ ಒಂದೇ ಸಲ ಸಾಕು. ದರ ಏರಿದಷ್ಟೂ ಅವಳ ಮನಸ್ಸು ಇಕ್ಕಳದ ಕಡೆಗೆ ವಾಲುತ್ತದೆ. ಕಿತ್ತ ಹಲ್ಲು ಮತ್ತೆ ಹುಟ್ಟುವುದಿಲ್ಲ.

1951ರಲ್ಲಿ ಬ್ರಿಟನ್ನಿನ ಸರಕಾರ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ದರ ವಿಧಿಸಹೊರಟಾಗ, ಅಲ್ಲಿಯ ಉಚಿತ ಆರೋಗ್ಯಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಪದವಿಯನ್ನೇ ಬಿಟ್ಟರು. ನಮ್ಮ ಸರಕಾರ 2014ರಲ್ಲಿ ದಂತಭಾಗ್ಯ ಯೋಜನೆ ತಂದು ಬಡ ವೃದ್ಧರಿಗೆ ಉಚಿತ ಸೆಟ್ಟು ಕೊಡಹೊರಟಿತು. ಒಳ್ಳೆಯ ಕೆಲಸವೇ. ಆದರೆ ಇದ್ದ ಹಲ್ಲು ಉಳಿಸುವುದಕ್ಕೆ ದುಡ್ಡು ಕೇಳಿ, ಹೋದಮೇಲೆ ಪುಕ್ಕಟೆ ಹಲ್ಲು ಕೊಡುವುದು ಎಂಥ ನ್ಯಾಯ?

ಆಸ್ಪತ್ರೆಗೆ ಹತ್ತಿ, ಔಷಧಿ ಬೇಕು, ಅದಕ್ಕೆ ದುಡ್ಡು ಬೇಕು, ಒಪ್ಪೋಣ. ಅದನ್ನು ನೆಮ್ಮದಿಯಾಗಿ ಉಣ್ಣುವ ನಾವೆಲ್ಲ ತೆರಿಗೆಯಾಗಿ ಕೊಡಬೇಕೇ, ಕೆನ್ನೆ ಹಿಡಿದು ಸಾಲಿನಲ್ಲಿ ನಿಂತವಳು ಕೊಡಬೇಕೇ? ಚೌಕಾಶಿ ಮಾಡಲು ಬಾಯಿ ತೆರೆಯಲಾರದವರ ಹತ್ತಿರ ಸರಕಾರ ವ್ಯಾಪಾರ ಮಾಡಬಾರದು.