ಪ್ರತಿ ಏಟಿಗೂ ಲೆಕ್ಕ ಬೇಕು

2025ರ ನವೆಂಬರ್ 16ರಂದು ಕಲಬುರಗಿ ಜಿಲ್ಲೆಯ ಚಿತ್ತಾಪುರದಲ್ಲಿ ಆರ್‌ಎಸ್‌ಎಸ್ ಪಥಸಂಚಲನ ನಡೆಯಿತು. ಅದಕ್ಕೂ ಮೊದಲಿನ ಒಂದು ತಿಂಗಳು ಇಡೀ ರಾಜ್ಯದ ಕಣ್ಣು ಈ ಸಣ್ಣ ಪಟ್ಟಣದ ಮೇಲೆ ನೆಟ್ಟಿತ್ತು. ಅಕ್ಟೋಬರ್ 19ರ ಸಂಚಲನಕ್ಕೆ ತಹಶೀಲ್ದಾರರು ಅನುಮತಿ ಕೊಟ್ಟಿರಲಿಲ್ಲ. ಅದೇ ದಿನ ತಾವೂ ಮೆರವಣಿಗೆ ತೆಗೆಯುತ್ತೇವೆಂದು ಬೇರೆ ಸಂಘಟನೆಗಳು ಅರ್ಜಿ ಹಾಕಿದ್ದವು. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು. ಮೊದಲು ಕೂತು ಮಾತಾಡಿ ಎಂದಿತು ಪೀಠ. ಕಲಬುರಗಿಯ ಶಾಂತಿಸಭೆಯಲ್ಲಿ ಒಮ್ಮತ ಮೂಡಲಿಲ್ಲ. ಬೆಂಗಳೂರಿನಲ್ಲಿ ಮತ್ತೆ ಕೂತರು. ಕೊನೆಗೆ 300 ಜನ ಗಣವೇಷಧಾರಿಗಳು, 50 ಜನರ ಬ್ಯಾಂಡ್, ಗೊತ್ತುಮಾಡಿದ ದಾರಿ, ಗೊತ್ತುಮಾಡಿದ ವೇಳೆ ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಬಿಗಿ ಪೊಲೀಸ್ ಬಂದೋಬಸ್ತಿನಲ್ಲಿ ಸಂಚಲನ ಶಾಂತವಾಗಿ ಮುಗಿಯಿತು.

ಯಾರ ಪಕ್ಷ ಸರಿ, ಯಾರದು ತಪ್ಪು ಎಂಬ ವಾದ ಇವತ್ತಿನ ಮಾತಲ್ಲ. ಲಾಠಿ, ಅಶ್ರುವಾಯುವಿನತ್ತ ಸಾಗಬಹುದಾಗಿದ್ದ ಒಂದು ಜಗಳವನ್ನು ಸಭೆ, ಷರತ್ತು, ಬ್ಯಾರಿಕೇಡುಗಳೇ ತಡೆದವು. ಪೊಲೀಸರು ಎಷ್ಟು ಬಲ ಬಳಸಬೇಕು ಎಂದು ಕೇಳಿದಾಗಲೆಲ್ಲ ನಮಗೆ ನೆನಪಾಗುವುದು ಲಾಠಿ ಎತ್ತಿದ ಗಳಿಗೆ. ಎಷ್ಟೋ ಸಲ ಅದರ ತೀರ್ಮಾನ ಅದಕ್ಕೂ ಹದಿನೈದು ದಿನ ಮೊದಲೇ, ಯಾರು ಯಾರ ಜೊತೆ ಮಾತಾಡಿದರು ಎಂಬುದರಲ್ಲಿ ಆಗಿಹೋಗಿರುತ್ತದೆ.

ಆ ಮಾತುಕತೆ ನಡೆಯದೆ ಹೋದರೆ ಏನಾಗುತ್ತದೆ ಎಂಬುದನ್ನು ಈ ನಾಡು ಕಂಡಿದೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಕರ ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ಆಯಿತು. ಅಂದು ರೈತರೂ ಸತ್ತರು, ಪೊಲೀಸರೂ ಸತ್ತರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗುಂಡು ಹಾರಿತು. ಅವರು ಕೇಳಿದ್ದು ಬಿತ್ತನೆಗೆ ಬೇಕಾದ ಒಂದೆರಡು ಚೀಲ ಗೊಬ್ಬರ. ನಮ್ಮ ಜಿಲ್ಲೆಯ ಸೇಡಂ, ಚಿಂಚೋಳಿಯ ತೊಗರಿ ರೈತರು ಮುಂಗಾರಿನಲ್ಲಿ ಡಿಎಪಿ, ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಸಾಲು ನಿಂತಾಗ ಅಲ್ಲಿಗೆ ಬಂದೋಬಸ್ತಿಗೆ ಹೋಗುವ ಪೇದೆಗೆ ಹಾವೇರಿಯ ಆ ದಿನ ಗೊತ್ತಿರಬೇಕು. ಗೊಬ್ಬರ ಎಷ್ಟು ಬಂದಿದೆ, ಯಾರಿಗೆ ಎಷ್ಟು ಸಿಗುತ್ತದೆ ಎಂದು ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿಸಿದರೆ ಮಧ್ಯಾಹ್ನ ಲಾಠಿ ಬೀಸುವ ಕೆಲಸ ಉಳಿಯುವುದು ಕಡಿಮೆ.

ಕಾನೂನು ಈ ವಿಷಯದಲ್ಲಿ ಮುಚ್ಚುಮರೆ ಇಲ್ಲದೆ ಮಾತಾಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಬಂಧನದ ರೀತಿಯನ್ನು ಹೇಳುತ್ತದೆ. ಬಂಧಿಸಲು ಹೋದಾಗ ಎದುರುಬಿದ್ದರೆ, ತಪ್ಪಿಸಿಕೊಳ್ಳಲು ನೋಡಿದರೆ, ಬಂಧನಕ್ಕೆ ಬೇಕಾದಷ್ಟು ಬಲ ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ. 46ನೇ ಕಲಂ ಇನ್ನೂ ಚಿಕ್ಕದು: ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ನಿರ್ಬಂಧ ಹಾಕಕೂಡದು. ಕಾನೂನುಬಾಹಿರ ಗುಂಪಿಗೆ ಮೊದಲು ಚದುರಿಹೋಗಿ ಎಂದು ಆದೇಶ ಕೊಡಬೇಕು, ಬಲಪ್ರಯೋಗ ಆಮೇಲಿನದು ಎನ್ನುತ್ತದೆ 148. ಸೇನೆಯನ್ನೇ ಕರೆಸಿದಾಗಲೂ ಗುಂಪು ಚದುರಲು ಬೇಕಾದ ಅತಿ ಕಡಿಮೆ ಬಲವನ್ನೇ ಬಳಸಬೇಕು, ಜನಕ್ಕೂ ಸ್ವತ್ತಿಗೂ ಅತಿ ಕಡಿಮೆ ಹಾನಿ ಆಗಬೇಕು ಎಂಬುದು 149ನೇ ಕಲಮಿನ ಮಾತು. ಬಂದೂಕು ಹಿಡಿದ ಸೈನಿಕನಿಗೇ ಇಷ್ಟು ಕಟ್ಟುಪಾಡು ಇರುವಾಗ ಬಸ್‌ಸ್ಟ್ಯಾಂಡಿನಲ್ಲಿ ಲಾಠಿ ಹಿಡಿದವನಿಗೆ ಇದಕ್ಕಿಂತ ಸಡಿಲ ನಿಯಮ ಇರಲಾರದು.

1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಒಪ್ಪಿಕೊಂಡ ತತ್ವಗಳೂ ಇದನ್ನೇ ಹೇಳುತ್ತವೆ. ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಈಗಲೇ ಕುತ್ತು ಬಂದಿದೆ ಎಂದಾಗ ಮಾತ್ರ ಬಂದೂಕು. ಅದಕ್ಕೂ ಮೊದಲು ತಾನು ಪೊಲೀಸ್ ಎಂದು ಹೇಳಿ ಎಚ್ಚರಿಕೆ. ಗಾಯಗೊಂಡವನು ಯಾರೇ ಆಗಿರಲಿ, ತಕ್ಷಣ ಚಿಕಿತ್ಸೆ.

ಬಲ ಬಳಸದೆ ಇರುವುದೇ ಯಾವಾಗಲೂ ಸರಿ ಎಂದೂ ಹೇಳಲಾಗದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ನಡುವೆ, ಇದೇ ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ಸಿದ್ಧಲಿಂಗೇಶ್ವರ ರಥೋತ್ಸವ ನಡೆದುಹೋಯಿತು. ನೂರಾರು ಜನ ತೇರು ಎಳೆದರು. ದೇಶದ ಮೊದಲ ಕೊರೊನಾ ಸಾವು ಕಂಡಿದ್ದ ಜಿಲ್ಲೆ ಇದು; ಪಕ್ಕದ ವಾಡಿಯಲ್ಲಿ ಎರಡು ವರ್ಷದ ಕೂಸಿಗೇ ಸೋಂಕು ತಗುಲಿತ್ತು. ಪಿಎಸ್‌ಐ ಅಮಾನತಾದರು. ಜನ ಸೇರಿದ ಮೇಲೆ ಆ ತೇರಿನ ಮುಂದೆ ನಿಂತ ಪೊಲೀಸಿಗೆ ಉಳಿದಿದ್ದ ದಾರಿಗಳು ಎರಡೇ: ಭಕ್ತರ ಮೇಲೆ ಲಾಠಿ, ಇಲ್ಲವೇ ಕೈಕಟ್ಟಿ ನಿಲ್ಲುವುದು. ಎರಡೂ ಕೆಟ್ಟವು. ಹಿಂದಿನ ದಿನವೇ ಊರ ಹಿರಿಯರನ್ನೂ ಗುಡಿಯ ಸಮಿತಿಯನ್ನೂ ಕೂರಿಸಿಕೊಂಡು ಒಪ್ಪಿಸಿ, ತೇರಿನ ಸುತ್ತ ಕಾವಲು ಹಾಕುವುದು ಮೂರನೆಯ ದಾರಿ. ಅದೇ ಲಾಕ್‌ಡೌನಿನ ಮೊದಲ ವಾರದಲ್ಲಿ ರಸ್ತೆಗಿಳಿದವರ ಮೇಲೆ ಲಾಠಿ ಬೀಸಿದ ವಿಡಿಯೊಗಳು ಹರಿದಾಡಿದಾಗ, ಬೆಂಗಳೂರಿನ ಆಗಿನ ಪೊಲೀಸ್ ಕಮಿಷನರ್ ಭಾಸ್ಕರ್ ರಾವ್ ಅವರು ಲಾಠಿಗಳನ್ನು ಠಾಣೆಯಲ್ಲೇ ಇಟ್ಟು ಕೆಲಸಕ್ಕೆ ಬನ್ನಿ ಎಂದು ತಮ್ಮವರಿಗೆ ಸೂಚಿಸಿದರು. ಅದು ದೊಡ್ಡ ಮನಸ್ಸಿನ ಆದೇಶ.

ಬೀದಿಯಲ್ಲಿ ನಡೆಯುವುದನ್ನು ಹತ್ತು ಜನ ನೋಡುತ್ತಾರೆ, ಮೊಬೈಲಿನಲ್ಲಿ ಹಿಡಿಯುತ್ತಾರೆ. ನನಗೆ ಹೆಚ್ಚು ಆತಂಕ ಇರುವುದು ಠಾಣೆಯ ಒಳಗಿನದು. ನಮ್ಮ ಕಡೆ ಎಲ್ಲಾದರೂ ಕಳವಾದರೆ ಕಟ್ಟೆಯ ಮೇಲೆ ಕೂತವರು ಸಲೀಸಾಗಿ ಅನ್ನುವ ಮಾತೊಂದಿದೆ: "ಒಳಗ ಹಾಕಿ ನಾಕ ಬಿಗದ್ರ ಎಲ್ಲಾ ಬಾಯಿ ಬಿಡ್ತಾನ ಬಿಡ್ರಿ." ಬಾಯಿ ಬಿಡುವುದು ನಿಜ. ಮಾಡಿದವನೂ ಒಪ್ಪುತ್ತಾನೆ, ಮಾಡದವನೂ ಒಪ್ಪುತ್ತಾನೆ. ನೋವು ನಿಲ್ಲಲಿ ಎಂದು ಯಾರಾದರೂ ಏನಾದರೂ ಹೇಳುತ್ತಾರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ ಎಂಬ ನಿಯಮ ಬ್ರಿಟಿಷರ ಕಾಲದಿಂದ ಬಂದಿರುವುದು ಇದೇ ಕಾರಣಕ್ಕೆ. ತಪ್ಪೊಪ್ಪಿಸಲೆಂದು ಹೊಡೆದರೆ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಡಿ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಜೈಲು. ಹೊಡೆದವನು ಖಾಕಿ ತೊಟ್ಟಿದ್ದ ಎಂಬುದು ಅಲ್ಲಿ ಬಿಡುಗಡೆಯ ದಾರಿಯಲ್ಲ.

1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮಗಳು ಇಂದಿಗೂ ಈ ವಿಷಯದ ಬುನಾದಿ. ಬಂಧಿಸುವವನ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ಬಂಧನದ ಮೆಮೊ ಬರೆದು, ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕು. ಸಂಬಂಧಿಕರಿಗೆ ತಿಳಿಸಬೇಕು. ಮೈಮೇಲೆ ಗಾಯವಿದ್ದರೆ ಬರೆದಿಡಬೇಕು, ವಶದಲ್ಲಿದ್ದಷ್ಟೂ ದಿನ 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಅದೇ ಕೋರ್ಟ್, ಪ್ರತಿ ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆಗಳಲ್ಲಿ ರಾತ್ರಿಯೂ ಕಾಣುವ, ದನಿಯನ್ನೂ ಹಿಡಿಯುವ ಕ್ಯಾಮೆರಾ ಇರಲಿ ಎಂದಿತು. ಈ ನಿಯಮಗಳ ಹಿಂದಿನ ಆಲೋಚನೆ ಒಂದೇ ಎಂದು ನನಗೆ ತೋರುತ್ತದೆ. ಬರೆದಿಡಲು ಹಿಂಜರಿಯುವಂಥ ಏಟನ್ನು ಹೊಡೆಯಲೇಬಾರದು. ಇಷ್ಟು ಗಂಟೆಗೆ, ಈ ಕಾರಣಕ್ಕೆ, ಮೊಣಕಾಲ ಕೆಳಗೆ ಎರಡು ಸಲ ಲಾಠಿ ಬಳಸಿದೆ ಎಂದು ಕೇಸ್ ಡೈರಿಯಲ್ಲಿ ಸಹಿ ಹಾಕಿ ಬರೆಯಬಲ್ಲ ಅಧಿಕಾರಿಗೆ ಯಾವ ಕ್ಯಾಮೆರಾದ ಭಯವೂ ಇರುವುದಿಲ್ಲ.

ಬೇಡಿಯ ವಿಷಯವೂ ಹಾಗೆಯೇ. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಚಿಕ್ಕೋಡಿ ಕಡೆಯ ಒಬ್ಬ ಕಾನೂನು ವಿದ್ಯಾರ್ಥಿಯ ಪ್ರಕರಣ ಬಂತು. ಆತನ ಮೇಲಿದ್ದದ್ದು ಚೆಕ್ ಬೌನ್ಸ್ ಕೇಸು. ಆದರೂ ಬೇಡಿ ತೊಡಿಸಿ ಊರ ಜನರ ಕಣ್ಣೆದುರು ನಡೆಸಿದ್ದರು. ಸರ್ಕಾರ 2 ಲಕ್ಷ ರೂಪಾಯಿ ಪರಿಹಾರ ಕೊಡಲಿ ಎಂದು ಪೀಠ ಆದೇಶಿಸಿತು. ಕಾರಣ ಬರೆದಿಡದೆ ಬೇಡಿ ಹಾಕಬೇಡಿ, ಬಂಧಿಸಲು ಹೋಗುವ ಪೊಲೀಸರಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಒದಗಿಸಿ ಎಂದಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆ ಬೇಡಿಗೆ ಅವಕಾಶ ಕೊಟ್ಟಿರುವುದು ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಸಂಘಟಿತ ಅಪರಾಧದಂಥ ಗಂಭೀರ ಆರೋಪ ಇದ್ದವರಿಗೆ, ಪದೇ ಪದೇ ಅಪರಾಧ ಮಾಡುವವರಿಗೆ, ವಶದಿಂದ ಓಡಿಹೋದವರಿಗೆ. ಸಾಲ ತೀರಿಸದವನಿಗೋ, ಜಗಳದಲ್ಲಿ ಕೈ ಎತ್ತಿದವನಿಗೋ ಅಲ್ಲ. ಸಂತೆಯ ದಿನ ಬೇಡಿಯಲ್ಲಿ ನಡೆದುಹೋದವನು ಆಮೇಲೆ ಖುಲಾಸೆಯಾದರೂ ಅವನ ಮಕ್ಕಳನ್ನು ಶಾಲೆಯಲ್ಲಿ ಕೇಳುವವರು ಕೇಳುತ್ತಲೇ ಇರುತ್ತಾರೆ.

ಇನ್ನೊಂದು ಸುದ್ದಿ ಈಚೆಗೆ ಕರ್ನಾಟಕದಲ್ಲಿ ವಾರಕ್ಕೊಮ್ಮೆಯೆಂಬಂತೆ ಬರುತ್ತದೆ: ಮಹಜರಿಗೆ ಕರೆದೊಯ್ದಾಗ ಆರೋಪಿ ಹಲ್ಲೆಗೆ ಯತ್ನಿಸಿದ, ಇನ್‌ಸ್ಪೆಕ್ಟರ್ ಕಾಲಿಗೆ ಗುಂಡು ಹಾರಿಸಿದರು. ಕೆಲವು ಸಲ ಅದು ಅಕ್ಷರಶಃ ನಿಜವಿರಬಹುದು. ಚಾಕು ಹಿಡಿದು ಮೈಮೇಲೆ ಬಂದವನೆದುರು ಪೊಲೀಸನಿಗೂ ಆತ್ಮರಕ್ಷಣೆಯ ಹಕ್ಕಿದೆ. ಆದರೆ ಒಂದೇ ಕಥೆ ಜಿಲ್ಲೆ ಜಿಲ್ಲೆಯಲ್ಲಿ ಮರುಕಳಿಸಿದಾಗ ಪ್ರತಿ ಸಲವೂ ಹೊರಗಿನವರು ಬಂದು ತನಿಖೆ ಮಾಡಬೇಕು. 2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 16 ಸೂತ್ರಗಳು ಎನ್‌ಕೌಂಟರಿನಲ್ಲಿ ಸಾವಾದಾಗ ಮಾತ್ರವಲ್ಲ, ತೀವ್ರ ಗಾಯವಾದಾಗಲೂ ಅನ್ವಯ. ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿಯೋ ಬೇರೆ ಠಾಣೆಯ ತಂಡವೋ ಮಾಡಬೇಕು. ಗಾಯಾಳುವಿನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೋ ವೈದ್ಯಾಧಿಕಾರಿಯೋ ಪಡೆಯಬೇಕು. ಗುಂಡು ಹಾರಿಸಿದವರಿಗೆ ಆ ಕೂಡಲೇ ಬಡ್ತಿ, ಶೌರ್ಯ ಬಹುಮಾನ ಕೊಡುವಂತಿಲ್ಲ.

2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಹತ್ಯೆಯ ಆರೋಪಿ ಪೊಲೀಸರ ಗುಂಡಿಗೆ ಸತ್ತಾಗ ಜನ ಹೂಮಳೆ ಸುರಿಸುವಷ್ಟು ಹಿಗ್ಗಿದರು. ಆ ಮಗುವಿನ ತಾಯಿಯ ಸಂಕಟವನ್ನು ಯಾವ ಮಾತೂ ನೀಗಲಾರದು. ಆದರೂ ನಾನು ಹೇಳಲೇಬೇಕು: ನ್ಯಾಯಾಲಯ ಆರೋಪವನ್ನು ಪರೀಕ್ಷಿಸುವ ಮೊದಲೇ ಎಲ್ಲ ಮುಗಿದುಹೋದರೆ, ಅವನ ಜೊತೆ ಬೇರೆ ಯಾರಾದರೂ ಇದ್ದರೆ, ತಡೆಯಬಹುದಾಗಿದ್ದ ಲೋಪ ಎಲ್ಲಾದರೂ ಇದ್ದರೆ, ಅದೂ ಅವನೊಂದಿಗೆ ಮಣ್ಣಾಗುತ್ತದೆ. ಚಪ್ಪಾಳೆ ತಟ್ಟುವ ಜನಕ್ಕೆ ನಾಳೆ ತಮ್ಮ ಮನೆಯ ಹುಡುಗನ ಪರವಾಗಿ ತನಿಖೆ ಕೇಳುವ ದನಿ ಉಳಿಯುವುದಿಲ್ಲ.

ಪೊಲೀಸರ ಕಷ್ಟ ಈ ಜಿಲ್ಲೆಯವರಿಗೆ ಹೊಸದಲ್ಲ. 2014ರ ಜನವರಿಯಲ್ಲಿ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ರೌಡಿಯೊಬ್ಬನನ್ನು ಹಿಡಿಯಲು ಹೋಗಿ ಗುಂಡೇಟಿಗೆ ಬಲಿಯಾದರು. 2022ರ ಸೆಪ್ಟೆಂಬರ್‌ನಲ್ಲಿ ಗಾಂಜಾ ಬೆಳೆದವರ ಬೆನ್ನುಹತ್ತಿ ಮಹಾರಾಷ್ಟ್ರದ ಗಡಿ ದಾಟಿದ ಸಿಪಿಐ ಶ್ರೀಮಂತ ಇಲ್ಲಾಳ ಅವರ ಮೇಲೆ ಗುಂಪು ಮುಗಿಬಿತ್ತು. ಅವರು ಸಾವಿನ ದವಡೆಯಿಂದ ಮರಳಿದರು. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಬೈಕಿನಲ್ಲಿ ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅದೇ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತರು. ರಾತ್ರಿ ಹೊತ್ತು ಮರಳು ದಂಧೆಯವರನ್ನು ತಡೆಯಲು ಬೈಕು ಸಾಕೆ? ಸಾಕಷ್ಟು ಜನ, ಜೀಪು, ರಸ್ತೆಗೆ ಅಡ್ಡ ಹಾಕುವ ಮುಳ್ಳುಪಟ್ಟಿ, ವೈರ್‌ಲೆಸ್ಸಿನಲ್ಲಿ ಕರೆದರೆ ಓಡಿಬರುವ ಇನ್ನೊಂದು ತಂಡ ಬೇಕು. ಗಡಿಗೆ ಅಂಟಿಕೊಂಡ ಚಿಂಚೋಳಿ, ಸೇಡಂ ಠಾಣೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯ. ನಾಲ್ಕು ಹೆಜ್ಜೆಗೆ ತೆಲಂಗಾಣ ಬರುತ್ತದೆ. ಒಬ್ಬಂಟಿಯಾಗಿ, ಹೆದರಿಕೊಂಡು, ನಿದ್ದೆಗೆಟ್ಟು ನಿಂತ ಪೊಲೀಸನ ಕೈಯಲ್ಲಿ ಬಲದ ಅಳತೆ ತಪ್ಪುತ್ತದೆ. ಮೇಲಿನವರು ಸಿಬ್ಬಂದಿ ಕೊಡದೆ, ತರಬೇತಿ ಕೊಡದೆ, ಕೊನೆಗೆ ಪೇದೆಯೊಬ್ಬನನ್ನು ಅಮಾನತು ಮಾಡಿ ಕೈತೊಳೆದುಕೊಳ್ಳುವುದು ಅನ್ಯಾಯ.

ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ತಾಂಡಾಗಳಲ್ಲಿ, ಶಹಾಬಾದಿನ ಫರಸಿ ಗಣಿಗಳಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಸುತ್ತಲ ಓಣಿಗಳಲ್ಲಿ ಇದನ್ನು ಓದುವವರಿಗೆ ನನ್ನದೊಂದು ಕೋರಿಕೆ. ನಿಮ್ಮವರನ್ನು ಠಾಣೆಗೆ ಕರೆದೊಯ್ದರೆ ಕೂಗಾಡಬೇಡಿ, ಕಲ್ಲು ಎತ್ತಬೇಡಿ. ಕರೆದೊಯ್ದವರ ಹೆಸರು, ಠಾಣೆ, ಗಂಟೆ ಬರೆದುಕೊಳ್ಳಿ. ಬಂಧನದ ಮೆಮೊ ಕೇಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು ಎಂಬುದು ನೆನಪಿರಲಿ. ವಕೀಲರಿಗೆ ದುಡ್ಡಿಲ್ಲವಾದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರದವರು ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಪೆಟ್ಟು ಬಿದ್ದಿದ್ದರೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಹೇಳಲು ನಿಮ್ಮವರಿಗೆ ಧೈರ್ಯ ತುಂಬಿ.