ಖಾಲಿ ಗುಣಿ

ಮೊನ್ನೆ ಊರಿಗೆ ಹೋದಾಗ ಅಪ್ಪ ತೋಟದಲ್ಲಿ ಗುಣಿ ತೋಡಿಸ್ತಿದ್ದ. ಅಪ್ಪನಿಗೆ ಈಗ ಎಪ್ಪತ್ತೊಂದು. ನಮ್ಮ ತಿಪಟೂರು-ತುರುವೇಕೆರೆ ಸೀಮೆಯ ಎತ್ತರದ ತೆಂಗು ಫಲ ಹಿಡಿಯೋಕೇ ಆರೇಳು ವರ್ಷ ಬೇಕು. ಆಮೇಲೆ ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆಗೋಕೆ ಇನ್ನೂ ಹತ್ತು ತಿಂಗಳು. ಮನಸ್ಸಲ್ಲೇ ಲೆಕ್ಕ ಹಾಕಿದೆ. ಬಾಯಿಬಿಟ್ಟು ಹೇಳಲಿಲ್ಲ, ಆದ್ರೂ ಅಪ್ಪನಿಗೆ ಗೊತ್ತಾಯ್ತು.

‘ಯಾರಿಗೆ ಅಂತ ನೆಡ್ತೀಯ ಅನ್ನೋದು ತಾನೆ ನಿನ್ ಯೋಚ್ನೆ? ಯಾರಿಗೂ ಅಲ್ಲ ಕಣೋ. ಈ ಸಾಲಲ್ಲಿ ಎರಡು ಮರ ಸುಳಿ ಒಣಗಿ ಹೋದ್ವು. ಖಾಲಿ ಗುಣಿ ನೋಡಕ್ಕಾಗಲ್ಲ.’

ಮೊಮ್ಮಕ್ಕಳು, ಮುಂದಿನ ತಲೆಮಾರು ಅಂತ ಏನಾದ್ರೂ ದೊಡ್ಡ ಮಾತು ಬರುತ್ತೆ ಅಂದ್ಕೊಂಡಿದ್ದೆ. ಬರಲಿಲ್ಲ. ಆದರೆ ಆ ಮಾತು ಕೇಳಿ ನನಗೆ ನೆನಪಾಗಿದ್ದು ಕಾರ್ಲ್ಟನ್ ಚಾಪ್ಮನ್. ತೆಂಗಿಗೂ ಫುಟ್‌ಬಾಲ್‌ಗೂ ಏನ್ ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ಈ ಹೆಸರು ನೀವು ಕೇಳಿಲ್ಲ ಅಂದ್ರೆ ಅದು ನಿಮ್ಮ ತಪ್ಪಲ್ಲ. ಬೆಂಗಳೂರಿನ ಗೌತಮಪುರದಲ್ಲಿ ಬೀದಿ ಬದಿಗೆ ಪೆಲೆಯ ಪ್ರತಿಮೆ ಇದೆ ಅನ್ನೋದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಚಾಪ್ಮನ್ ಹುಟ್ಟಿದ್ದು ಇದೇ ಬೆಂಗಳೂರಲ್ಲಿ, 1971ರಲ್ಲಿ. 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. ಹುಡುಗರನ್ನ ಅಲ್ಲೇ ಇಟ್ಕೊಂಡು ಆಟ ಕಲಿಸೋಕೆ 1987ರಲ್ಲಿ ಶುರುವಾಗಿದ್ದ ಜಾಗ ಅದು. ಅಲ್ಲಿಂದ 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ಬನ್ನ ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲು ಈ ಮಿಡ್‌ಫೀಲ್ಡರ್‌ದು. ನಮ್ಮ ಕ್ಲಬ್ಬೊಂದು ಇರಾಕಿನ ಕ್ಲಬ್ಬಿಗೆ ಆರು ಗೋಲು ಹೊಡೆದ ದಿನ ಅದು, ಇವತ್ತಿಗೂ ಓದಿದರೆ ಮೈ ಜುಮ್ ಅನ್ನುತ್ತೆ.

ಆಮೇಲೆ ಪಂಜಾಬಿನ ಜೆಸಿಟಿ. ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ 1996-97ರ ಮೊಟ್ಟಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದರು. ಭಾರತ ತಂಡದ ನಾಯಕರೂ ಆದರು. ಕೊಚ್ಚಿಯಲ್ಲಿ ಆಡಿ, ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದು, 2001ರಲ್ಲಿ ನಾಯಕನಾಗಿ ಲೀಗ್ ಗೆದ್ದು, ಅದೇ ವರ್ಷ ಬೂಟು ಬಿಚ್ಚಿಟ್ಟರು. ಆಗ ವಯಸ್ಸು ಮೂವತ್ತು.

ಮುಂದಿನ ವರ್ಷ ಎಲ್ಲಿಗೆ ಹೋದರು ಗೊತ್ತಾ? ವಾಪಸ್ ಜಮ್ಶೆಡ್‌ಪುರಕ್ಕೆ. ತಾನು ಕಲಿತ ಅದೇ ಅಕಾಡೆಮಿಗೆ, ಕೋಚ್ ಆಗಿ. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತಾದ ಭವಾನಿಪುರ್, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಟಿವಿಯಲ್ಲಿ ದಿನಾ ಕಾಣೋ ಹೆಸರು ಒಂದೂ ಇಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಲವತ್ತೊಂಬತ್ತು ವರ್ಷ.

ಈ ಜೀವನವನ್ನ ‘ಋಣ ತೀರಿಸಿದ ಕಥೆ’ ಅಂತ ನಾನು ಒಬ್ಬ ಗೆಳೆಯನಿಗೆ ಹೇಳಿದೆ. ಅವನು ನಕ್ಕ. ‘ಋಣ ಏನ್ ಬಂತು ಮಾರಾಯ? ಕೋಚಿಂಗ್ ಅವರ ಕೆಲಸ. ಸಂಬಳ ತಗೊಂಡ್ರು, ಕಲಿಸಿದ್ರು. ನಮ್ ದೇಶದಲ್ಲಿ ಮೂವತ್ತಕ್ಕೆ ಆಟ ನಿಲ್ಲಿಸಿದ ಫುಟ್‌ಬಾಲ್ ಆಟಗಾರ ಇನ್ನೇನ್ ಮಾಡ್ಬೇಕಿತ್ತು?’

ಅವನ ಮಾತಲ್ಲಿ ನ್ಯಾಯ ಇದೆ. ಸಂಬಳ ತಗೊಂಡ ಮೇಲೂ ಅದು ಋಣ ತೀರಿಸಿದ ಹಾಗೇನಾ? ಈ ಪ್ರಶ್ನೆಯನ್ನ ನಾನು ತಿರುಗಿಸಿ ಕೇಳ್ಕೊಂಡೆ. ತಿಪಟೂರಲ್ಲಿ ಪಿಯುಸಿ ಓದುವಾಗ ನಮಗೊಬ್ಬರು ಗಣಿತದ ಮೇಷ್ಟ್ರಿದ್ದರು. ಹಗಲು ಕಾಲೇಜಲ್ಲಿ ಸಂಬಳಕ್ಕೆ ಪಾಠ. ಸಂಜೆ ಆರರ ಮೇಲೆ ನಮ್ಮ ಹಾಸ್ಟೆಲ್ ಜಗುಲಿಗೆ ಬಂದು, ಕರೆಂಟ್ ಹೋದ್ರೆ ಟಾರ್ಚ್ ಹಿಡ್ಕೊಂಡು, ಒಂದು ರೂಪಾಯಿ ಇಲ್ಲದೆ ಅದೇ ಪಾಠ. ನನಗೆ ಇಂಟಿಗ್ರೇಷನ್ ಅರ್ಥ ಆಗಿದ್ದು ಹಗಲಲ್ಲೋ ಸಂಜೆಯಲ್ಲೋ? ಖಂಡಿತ ಹೇಳಲಾರೆ. ಸಂಬಳದ ಪಾಠಕ್ಕೆ ನಾನು ಋಣಿಯಲ್ಲ, ಜಗುಲಿಯ ಪಾಠಕ್ಕೆ ಮಾತ್ರ ಋಣಿ ಅಂತ ಗೆರೆ ಎಳೆಯೋಕೆ ಹೋದ್ರೆ ಗೆರೆ ನಿಲ್ಲಲ್ಲ. ಹಾಗಾದ್ರೆ ಕೊಡೋವಾಗ್ಲೂ ಅಷ್ಟೇ ತಾನೆ? ಸಂಬಳ ಕೆಲಸದ ಬೆಲೆ ಕೊಡುತ್ತೆ. ಕಲಿಸಿದ್ದರ ಲೆಕ್ಕ ಬೇರೆ ಪುಸ್ತಕದಲ್ಲಿ ಉಳಿಯುತ್ತೆ.

ನಮ್ಮ ಹಳೆಯವರು ಋಣ ಅಂದಿದ್ದರಲ್ಲಿ ಒಂದು ವಿಚಿತ್ರ ಇದೆ. ದೇವಋಣ, ಋಷಿಋಣ, ಪಿತೃಋಣ ಅಂತ ಮೂರು. ಪಿತೃಋಣ ತೀರೋದು ಅಪ್ಪನಿಗೆ ಏನೋ ಕೊಟ್ಟು ಅಲ್ಲ, ಮಕ್ಕಳನ್ನ ಹುಟ್ಟಿಸಿ. ಋಷಿಋಣ ತೀರೋದು ಋಷಿಗೆ ಏನೋ ಕೊಟ್ಟು ಅಲ್ಲ, ಕಲಿತು, ಕಲಿತದ್ದನ್ನ ಕೈದಾಟಿಸಿ. ಸಾಲ ಕೊಟ್ಟವನೊಬ್ಬ, ಇಸ್ಕೊಳ್ಳೋನು ಇನ್ನೊಬ್ಬ. ನಮ್ಮ ಹೋಮ್ ಲೋನ್ ಹೀಗಿದ್ದಿದ್ರೆ ಬ್ಯಾಂಕುಗಳು ಮೂರೇ ದಿನಕ್ಕೆ ಬಾಗಿಲು ಹಾಕ್ತಿದ್ವು. ಯಾಕಂದ್ರೆ ಈ ಸಾಲಕ್ಕೆ ಇಎಂಐ ಮೆಸೇಜ್ ಬರಲ್ಲ, ರಿಕವರಿ ಏಜೆಂಟ್ ಇಲ್ಲ. ಇಸ್ಕೊಳ್ಳಬೇಕಾದ ಹುಡುಗನಿಗೆ ತನಗೆ ಬರಬೇಕಾದ್ದು ಒಂದಿದೆ ಅನ್ನೋದೇ ಗೊತ್ತಿರಲ್ಲ. ನಾನು ತೀರಿಸದಿದ್ರೆ ಯಾರೂ ಕೇಳಲ್ಲ.

ಕೇಳಲ್ಲ ಅಂದೆ, ಆದರೆ ನನ್ನ ವಿಷಯದಲ್ಲಿ ಕೇಳಿದ್ರು. ಮೇಷ್ಟ್ರು ತೀರಿಕೊಂಡ ವರ್ಷ ಹಾಸ್ಟೆಲ್ ವಾರ್ಡನ್ ಫೋನ್ ಮಾಡಿ, ‘ತಿಂಗಳಿಗೆ ಎರಡು ಶನಿವಾರ ಬಂದು ಹುಡುಗರಿಗೆ ಗಣಿತ ಹೇಳ್ಕೊಡಿ ಸಾರ್, ಬೆಂಗಳೂರಿಂದ ಟ್ರೈನಲ್ಲಿ ಬಂದುಬಿಡಬಹುದು’ ಅಂದರು. ರಿಲೀಸ್ ಇದೆ, ಮಗು ಚಿಕ್ಕದು, ಆಫೀಸು, ಹೀಗೆ ಒಂದೊಂದ್ಸಲ ಒಂದೊಂದು ಹೇಳಿದೆ. ಕೊನೆಗೆ ಇಪ್ಪತ್ತು ಸಾವಿರ ಕಳಿಸಿದೆ. ಥ್ಯಾಂಕ್ಸ್ ಬಂತು, ಜೊತೆಗೆ ಕೈಮುಗಿದ ಎಮೋಜಿ. ನಿಜ ಹೇಳ್ತೀನಿ, ಮನಸ್ಸು ಹಗುರಾಯ್ತು. ಅಲ್ಲೇ ಅನುಮಾನ ಶುರುವಾಗಿದ್ದು. ಮೇಷ್ಟ್ರು ನನಗೆ ಕೊಟ್ಟಿದ್ದು ದುಡ್ಡಲ್ಲವಲ್ಲ. ಚಾಪ್ಮನ್ ಕೂಡ ಜಮ್ಶೆಡ್‌ಪುರಕ್ಕೆ ಒಂದು ಮೂಟೆ ಬೂಟು ಕಳಿಸಿ ಸುಮ್ಮನಿರಬಹುದಿತ್ತು.

ಇದಕ್ಕೂ ಎದುರುವಾದ ಇದೆ. ಹಾಸ್ಟೆಲ್ಲಿಗೆ ಗಣಿತಕ್ಕಿಂತ ದುಡ್ಡೇ ಬೇಕಾಗಿರಬಹುದು. ನಾನು ಕೆಟ್ಟದಾಗಿ ಪಾಠ ಮಾಡಬಹುದು. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸಲ್ಲ ಅನ್ನೋದಕ್ಕೆ ಫುಟ್‌ಬಾಲಲ್ಲೇ ಬೇಕಾದಷ್ಟು ಉದಾಹರಣೆ ಇವೆ. ಚಾಪ್ಮನ್‌ಗೂ ಆಟಗಾರನಾಗಿ ಸಿಕ್ಕ ಹೆಸರು ಕೋಚ್ ಆಗಿ ಸಿಗಲಿಲ್ಲ. ಕಳಪೆ ಪಾಠಕ್ಕಿಂತ ಒಳ್ಳೆ ದೇಣಿಗೆ ಮೇಲಲ್ವಾ? ಮೇಲಿರಬಹುದು. ಆದ್ರೆ ಗಮನಿಸಿ, ಹೇಗೆ ವಾದ ಮಾಡಿದ್ರೂ ಅದು ನನ್ನ ಶನಿವಾರ ಉಳಿಸೋ ಕಡೆಗೇ ಬಂದು ನಿಲ್ಲುತ್ತೆ. ಅದಕ್ಕೇ ನನಗೆ ಆ ವಾದದ ಮೇಲೆ ನಂಬಿಕೆ ಇಲ್ಲ.

ಅಪ್ಪ ಋಣ, ತ್ಯಾಗ ಅಂತ ಏನೂ ಹೇಳಲಿಲ್ಲ. ಸಾಲಲ್ಲಿ ಖಾಲಿ ಜಾಗ ಕಂಡರೆ ತಡ್ಕೊಳಕ್ಕಾಗಲ್ಲ, ಅಷ್ಟೇ. ಹತ್ತು ವರ್ಷ ಮೈದಾನದ ನಡುವೆ ನಿಂತು ಆಡಿದ ಚಾಪ್ಮನ್‌ಗೂ, ಹುಡುಗನೊಬ್ಬ ಪಾಸ್ ತಪ್ಪು ಕೊಡೋದನ್ನ ನೋಡ್ಕೊಂಡು ಸುಮ್ಮನಿರೋಕೆ ಆಗ್ತಿರಲಿಲ್ವೇನೋ. ಇದು ನನ್ನ ಊಹೆ.

ಸಸಿ ನೆಟ್ಟಾಯ್ತು. ಅಪ್ಪ ಕೈ ತೊಳೆಯೋಕೆ ತೊಟ್ಟಿ ಹತ್ರ ಹೋದ. ಗುಣಿ ಪಕ್ಕದಲ್ಲೇ ನಿಂತು ವಾರ್ಡನ್‌ಗೆ ಫೋನ್ ಮಾಡಿದೆ.

‘ಶನಿವಾರ ಬರ್ತೀನಿ ಸಾರ್,’ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, ‘ಯಾವ ಶನಿವಾರ ಸಾರ್?’