ಸೋದರಮಾವನ ಉಡುಗೊರೆ

ಕಿವಿ ಚುಚ್ಚಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಎಷ್ಟೋ ಮನೆಗಳಲ್ಲಿ ಜವಳ ತೆಗೆಸುವಾಗಲೂ ಅವನ ತೊಡೆಯೇ ಆಗಬೇಕು. ನೋವಿನ ಹೊತ್ತಿಗೆ ಮಗುವನ್ನು ಹಿಡಿದುಕೊಳ್ಳಲು ಹಿರಿಯರು ಅವನನ್ನೇ ಗೊತ್ತುಮಾಡಿದ್ದರ ಹಿಂದೆ ಒಂದು ತಿಳಿವಳಿಕೆ ಇದೆ ಅನ್ನಿಸುತ್ತದೆ. ಹೆತ್ತವರ ಹಾಗೆ ಮಗುವಿನ ಅಳುವಿಗೆ ಅವನು ಕಂಗಾಲಾಗುವುದಿಲ್ಲ. ಹಾಗಂತ ಹೊರಗಿನವನೂ ಅಲ್ಲ. ಮಗು ಸ್ವಲ್ಪ ದೊಡ್ಡದಾದ ಮೇಲೆ ಹೊಸ್ತಿಲಿನಾಚೆಗೆ ಕೈ ಹಿಡಿದು ಕರೆದೊಯ್ಯುವುದಕ್ಕೂ ಅಂಥವನೇ ಸರಿ.

ನನ್ನ ತಂಗಿಯ ಮಗಳಿಗೆ ಈ ವಾರ ಆರು ತುಂಬುತ್ತದೆ. "ಗೊಂಬೆ ತರಬೇಡ ಅಣ್ಣ, ಮನೆ ತುಂಬ ಅವೇ ಇವೆ. ಇವಳಿಗೆ ಈಗ ಕಾಡಿಗೆ ಹೋಗೋ ಹುಚ್ಚು. ಅದಕ್ಕೇನಾದ್ರೂ ಬೇಕಾಗೋದು ತಗೊಂಡ್ ಬಾ" ಎಂದು ತಂಗಿ ಹೇಳಿದ್ದಾಳೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗಲೆಲ್ಲ ಅದೇ ಯೋಚನೆ. ಆರು ವರ್ಷದ ಕೈಗೆ ಏನು ಕೊಟ್ಟರೆ ಕಾಡು ಹತ್ತಿರವಾಗುತ್ತದೆ?

ಅಂಗಡಿಯಲ್ಲಿ ಇದಕ್ಕೆ ಸಿದ್ಧ ಉತ್ತರ ಸಿಗುತ್ತದೆ. ಮಿಲಿಟರಿ ಹಸಿರು ಬಣ್ಣದ ಒಂದು ಡಬ್ಬ. ಅದರೊಳಗೆ ದುರ್ಬೀನು, ದಿಕ್ಸೂಚಿ, ಸೀಟಿ, ಟಾರ್ಚು, ಹುಳ ಹಿಡಿಯುವ ಬಲೆ, ಟೋಪಿ ಎಲ್ಲವೂ ಇರುತ್ತವೆ. ಬೆಲೆಯೂ ಹೆಚ್ಚಿಲ್ಲ. ಆದರೆ ಇಂಥ ಡಬ್ಬಗಳಲ್ಲಿ ನಾನು ತೆರೆದು ನೋಡಿದವುಗಳಲ್ಲಿ ದಿಕ್ಸೂಚಿಯ ಮುಳ್ಳು ಎತ್ತ ತಿರುಗಿಸಿದರೂ ಅಂಟಿಕೊಂಡೇ ಇರುತ್ತದೆ. ದುರ್ಬೀನಿನ ಎರಡು ಕೊಳವೆಗಳು ಎರಡು ಬೇರೆ ಬೇರೆ ಮಬ್ಬು ಮರಗಳನ್ನು ತೋರಿಸುತ್ತವೆ. ದೊಡ್ಡವರಾದರೆ ಸಾಮಾನು ಸರಿಯಿಲ್ಲ ಎಂದು ಮೂಲೆಗೆಸೆಯುತ್ತೇವೆ. ಮಗು ಹಾಗೆ ಮಾಡುವುದಿಲ್ಲ. ಮರ ಕಾಣದಿದ್ದರೆ ತನಗೇ ನೋಡಲು ಬರುವುದಿಲ್ಲ ಎಂದುಕೊಳ್ಳುತ್ತದೆ, ಎರಡು ದಿನಕ್ಕೆ ಸುಮ್ಮನಾಗುತ್ತದೆ. ಇದು ನನಗೆ ತುಂಬ ಬೇಸರದ ಸಂಗತಿ. ಹತ್ತು ವಸ್ತು ಕೊಟ್ಟು ಒಂದೂ ಕೆಲಸ ಮಾಡದಿರುವುದಕ್ಕಿಂತ, ನಿಜವಾಗಿ ಕೆಲಸ ಮಾಡುವ ಒಂದೇ ಒಂದನ್ನು ಕೊಡುವುದು ಮೇಲು.

ಆ ಒಂದು ಯಾವುದು ಎಂದು ಕೇಳಿದರೆ ನಾನು ಭೂತಗನ್ನಡಿ ಎನ್ನುತ್ತೇನೆ. ಅಗಲವಾದ ಗಾಜಿನದು, ಮೂರು ಪಟ್ಟು ಐದು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು. ಹತ್ತು ಪಟ್ಟಿನದು ಸಸ್ಯಶಾಸ್ತ್ರ ಓದುವವರಿಗೆ. ಅದರಲ್ಲಿ ಕಾಣುವ ಜಾಗ ಚಿಕ್ಕದು, ಕೈ ಸ್ವಲ್ಪ ಅಲುಗಿದರೂ ನೋಟ ತಪ್ಪುತ್ತದೆ. ಮಕ್ಕಳು ಭೂತಗನ್ನಡಿಯನ್ನು ಕೈ ಚಾಚಿ ಹಿಡಿಯುತ್ತಾರೆ. ಅದನ್ನು ಕಣ್ಣಿನ ಹತ್ತಿರಕ್ಕೆ ತಂದು, ಎಲೆಯನ್ನೋ ಹೂವನ್ನೋ ಅದರ ಕಡೆಗೆ ನಿಧಾನವಾಗಿ ತರಬೇಕು ಎಂದು ಒಂದು ಸಲ ತೋರಿಸಿಕೊಟ್ಟರೆ ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ.

ಎಲ್ಲಿ ನೋಡುವುದು? ತಂಗಿಯ ಮನೆ ಮೂರನೇ ಮಹಡಿಯಲ್ಲಿ. ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ ಇದೆ, ಅಷ್ಟು ಸಾಕು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳಿಯ ಏನೋ ಒಂದು ಬಿದ್ದಿರುತ್ತದೆ. ಒರೆಸಿ ಹಾಕಲು ಹೋದವರು ಗಾಜು ಹಿಡಿದು ನೋಡಿದರೆ ಹಿಕ್ಕೆಗೆ ಕಾಲುಗಳಿರುವುದು ಕಾಣುತ್ತದೆ. ಅದು ಚಿಟ್ಟೆಯ ಎಳೆಯ ಹುಳು. ಹಕ್ಕಿಗಳು ತನ್ನನ್ನು ತಿನ್ನದಿರಲೆಂದು ಹಿಕ್ಕೆಯ ವೇಷ ಹಾಕಿಕೊಂಡು ಕೂತಿದೆ. ಕೆಲವು ದಿನ ಕಳೆದರೆ ಆ ವೇಷ ಕಳಚಿ ಎಲೆಯದೇ ಹಸಿರಾಗುತ್ತದೆ. ಬೆರಳಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದನ್ನು ಹೊರಗೆ ಚಾಚಿ ಗಾಟು ವಾಸನೆ ಬಿಡುತ್ತದೆ. ನಾವು ದಿನವೂ ಒಗ್ಗರಣೆಗೆ ಎಲೆ ಕೀಳುವ ಗಿಡದಲ್ಲೇ ಇಷ್ಟೆಲ್ಲ ನಡೆದಿರುತ್ತದೆ. ಆರು ವರ್ಷದವಳಿಗೆ ಇದಕ್ಕಿಂತ ದೊಡ್ಡ ಸಾಹಸ ಇನ್ನೇನು ಬೇಕು? ಆದರೆ ಆ ಗಾಜನ್ನು ಬಿಸಿಲಿಗೆ ಬಿಟ್ಟು ಬರಬಾರದು, ಕಾಗದ ಹತ್ತಿಕೊಳ್ಳುತ್ತದೆ. ಅದರಲ್ಲಿ ಸೂರ್ಯನನ್ನು ನೋಡಲೇಬಾರದು.

ದುರ್ಬೀನು ಕೊಡುವುದಾದರೆ ಸ್ವಲ್ಪ ಕಾಯುವುದು ಒಳ್ಳೆಯದು. ಅದರ ಮೇಲೆ 8x42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲವಿದೆ ಎಂದರ್ಥ. ಅಷ್ಟು ದೊಡ್ಡದು ಮಗುವಿನ ಕೊರಳಿಗೆ ಭಾರ. ಪಟ್ಟು ಹೆಚ್ಚಿದಂತೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಎಳೆಯ ಕೈಗೆ ಆರು ಪಟ್ಟಿನದು ಧಾರಾಳವಾಯಿತು. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದು ಕಡಿಮೆ: ದೊಡ್ಡವರ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 60ರಿಂದ 65 ಮಿ.ಮೀ., ಮಕ್ಕಳದು ಅದಕ್ಕಿಂತ ಕಡಿಮೆ. ದುರ್ಬೀನನ್ನು ಪೂರ್ತಿ ಮಡಿಸಿ ಮಗುವಿನ ಕಣ್ಣಿಗೆ ಹಿಡಿದು, ಒಂದು ವೃತ್ತ ಕಾಣುತ್ತದೋ ಎರಡೋ ಎಂದು ಕೇಳಬೇಕು. ಎರಡು ಎಂದರೆ ಅದು ಆ ಮಗುವಿಗಲ್ಲ.

ಈ ಯೋಚನೆಯಲ್ಲಿರುವಾಗ ಮುಂಬೈಯ ಇನ್ನೊಬ್ಬ ಸೋದರಮಾವ ನೆನಪಾಗುತ್ತಾನೆ. ಅಮೀರುದ್ದೀನ್ ತಯಬ್‌ಜಿ ಎಂದು ಹೆಸರು. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಸೋದರಿಯ ಮಕ್ಕಳನ್ನು ಸಾಕಿದವನು. ಅವರಲ್ಲಿ ಎಲ್ಲರಿಗಿಂತ ಕಿರಿಯವನು 1896ರಲ್ಲಿ ಹುಟ್ಟಿದ ಸಲೀಂ. ಮಾವನಿಗೆ ಬೇಟೆಯ ಹವ್ಯಾಸ, ಹಾಗಾಗಿ ಸೋದರಳಿಯನಿಗೆ ಕೊಟ್ಟ ಉಡುಗೊರೆ ಒಂದು ಪುಟ್ಟ ಏರ್‌ಗನ್. ಹುಡುಗ ಅದರಿಂದ ಗುಬ್ಬಿ ಹೊಡೆಯುತ್ತಿದ್ದ. ಒಂದು ದಿನ ಬಿದ್ದ ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆ ಕಂಡಿತು. ದಿನವೂ ನೋಡುವ ಗುಬ್ಬಿ ಇದಲ್ಲ, ಹಾಗಾದರೆ ಯಾವುದು ಎಂದು ಮಾವನನ್ನು ಕೇಳಿದ.

ಮಾವನಿಗೂ ಗೊತ್ತಿರಲಿಲ್ಲ. ಯಾವುದೋ ಒಂದು ಗುಬ್ಬಿ, ಹೋಗು ಎಂದು ಅವನು ಕಳಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಒಂದು ಪತ್ರ ಬರೆದುಕೊಟ್ಟ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಅವರಿಗೆ. ಹುಡುಗ ಸತ್ತ ಹಕ್ಕಿಯನ್ನು ಹಿಡಿದುಕೊಂಡು ಅಳುಕುತ್ತಲೇ ಆ ಕಚೇರಿಗೆ ಹೋದ. ಮಿಲ್ಲರ್ಡ್ ಹಕ್ಕಿಯನ್ನು ನೋಡಿದರು, ಹಳದಿ ಗಂಟಲಿನ ಗುಬ್ಬಿ ಎಂದು ಹೆಸರು ಹೇಳಿದರು. ಆಮೇಲೆ ಬೀರುವಿನ ಖಾನೆಗಳನ್ನು ಎಳೆದು, ಒಳಗೆ ಸಾಲಾಗಿ ಮಲಗಿಸಿದ್ದ ಹಕ್ಕಿಗಳನ್ನು ತೋರಿಸಿದರು. ಮುಂದೆ ಸಲೀಂ ಅಲಿ ಎಂದು ಜಗತ್ತೇ ಗುರುತಿಸಿದ ಪಕ್ಷಿಶಾಸ್ತ್ರಜ್ಞ ತನ್ನ ಬದುಕಿನ ದಿಕ್ಕು ಬದಲಾದದ್ದು ಅಲ್ಲಿ ಎಂದು ಮುದಿ ವಯಸ್ಸಿನಲ್ಲಿ ಬರೆದುಕೊಂಡರು. 1985ರಲ್ಲಿ ಬಂದ ಆ ಆತ್ಮಕತೆಯ ಹೆಸರಿನಲ್ಲೂ ಅದೇ ಗುಬ್ಬಿ ಇದೆ.

ಆ ಕತೆಯನ್ನು ಹೇಳುವವರೆಲ್ಲ ಗುಬ್ಬಿಯನ್ನು ನೆನೆಯುತ್ತಾರೆ. ನನಗೆ ಮಾವನ ಪತ್ರವೇ ಮುಖ್ಯ. ಬಂದೂಕು ಆ ಕಾಲದ ಎಷ್ಟೋ ಹುಡುಗರ ಕೈಯಲ್ಲಿತ್ತು, ಗುಬ್ಬಿಗಳೂ ಬೇಕಾದಷ್ಟು ಬಿದ್ದಿದ್ದವು. ಹುಡುಗನ ಪ್ರಶ್ನೆಯನ್ನು ಗೌರವಿಸಿ, ತನಗೆ ತಿಳಿಯದ್ದನ್ನು ತಿಳಿದವರ ಬಾಗಿಲಿಗೆ ಅವನನ್ನು ಕಳಿಸಿದ ಹಿರಿಯನೊಬ್ಬ ಬೇರೆಯವರ ಮನೆಯಲ್ಲಿ ಇರಲಿಲ್ಲವೇನೋ. ಆ ಪತ್ರದ ಫಲ ನಮ್ಮ ಕಾವೇರಿಗೂ ಬಂದು ಮುಟ್ಟಿದೆ. ಶ್ರೀರಂಗಪಟ್ಟಣದ ಬಳಿ ನದಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅವನ್ನು ಉಳಿಸಬೇಕೆಂದು ಮೈಸೂರಿನ ಅರಸರಿಗೆ ಹೇಳಿದವರು ಇದೇ ಸಲೀಂ ಅಲಿ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಏರ್‌ಗನ್ ಕೊಡುವ ಕಾಲ ಹೋಯಿತು, ಹೋದದ್ದೇ ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಹಕ್ಕಿಗಳನ್ನು ಹೊಡೆಯುವುದಿರಲಿ, ಹಿಡಿದು ಪಂಜರದಲ್ಲಿಡುವುದೂ ಅಪರಾಧ. ಚಾಟರಬಿಲ್ಲನ್ನು ಆಟದ ಸಾಮಾನೆಂದು ಕೊಡುವವರು ಇದನ್ನು ಯೋಚಿಸಬೇಕು. ಹುಳ ಹಿಡಿಯುವ ಬಲೆಯೂ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಬಲೆಯೊಳಗೆ ಚಿಟ್ಟೆಯ ರೆಕ್ಕೆಯ ಹುಡಿ ಉದುರುತ್ತದೆ. ಮುಚ್ಚಳಕ್ಕೆ ತೂತು ಕೊರೆದ ಒಂದು ಡಬ್ಬಿಯಲ್ಲಿ ಜೀರುಂಡೆಯನ್ನೋ ಗೊದ್ದವನ್ನೋ ಸ್ವಲ್ಪ ಹೊತ್ತು ಇಟ್ಟು ನೋಡಿ, ಹಿಡಿದ ಜಾಗದಲ್ಲೇ ಬಿಟ್ಟುಬರುವುದನ್ನು ಮಗು ಸಂತೋಷದಿಂದಲೇ ಕಲಿಯುತ್ತದೆ.

ಟಾರ್ಚಂತೂ ಬೇಕೇ ಬೇಕು. ಮಗುವಿನ ಕೈಗೆ ಟಾರ್ಚು ಬಂದ ಕೂಡಲೇ ಅದು ಕತ್ತಲಾಗುವ ತನಕ ಕಾಯುವುದಿಲ್ಲ, ಹೊದಿಕೆಯೊಳಗೆ ನುಗ್ಗುತ್ತದೆ. ಬೆಳಕಿನ ಮೇಲೆ ಅಂಗೈ ಮುಚ್ಚಿ, ಬೆರಳಿನ ಅಂಚುಗಳು ಕೆಂಪಗೆ ಹೊಳೆಯುವುದನ್ನು ನೋಡುತ್ತ ಕೂರುತ್ತದೆ. ಆದರೆ ಗುಂಡಿಯಂಥ ಚಪ್ಪಟೆ ಸೆಲ್ ಹಾಕುವ ಅಗ್ಗದ ಟಾರ್ಚುಗಳನ್ನು ಆರು ವರ್ಷದ ಮಕ್ಕಳಿರುವ ಮನೆಗೆ ತರಲೇಬಾರದು. ಆ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಪೆನ್ಸಿಲ್ ಸೆಲ್ಲಿನದು, ಮುಚ್ಚಳಕ್ಕೆ ಸ್ಕ್ರೂ ಇರುವುದು ತೆಗೆದುಕೊಳ್ಳಬೇಕು. ಆಟಿಕೆಯೆಂದು ಮಾರುವ ಸಾಮಾನಾದರೆ ಐಎಸ್‌ಐ ಗುರುತು ಇದೆಯೇ ನೋಡಬೇಕು. ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಅದು ಕಡ್ಡಾಯ. ಕೊರಳಿಗೆ ದಾರ ಕಟ್ಟಿದ ಸೀಟಿಗಿಂತ ಚೀಲದ ಪಟ್ಟಿಗೆ ಸಿಕ್ಕಿಸಿದ ಸೀಟಿ ಮೇಲು. ದಾರಿ ತಪ್ಪಿದರೆ ಓಡಾಡದೆ ಒಂದು ಮರದ ಬುಡದಲ್ಲಿ ನಿಂತು ಮೂರು ಸಲ ಊದು ಎಂದು ಹೇಳಿಕೊಡಬೇಕು.

ಶೂ ತರುವಾಗ ನಮ್ಮ ಮನೆಗಳ ಒಂದು ಹಳೆಯ ರೂಢಿ ಅಡ್ಡ ಬರುತ್ತದೆ. "ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರ್ಲಿ." ಲಂಗಕ್ಕೂ ರೇನ್‌ಕೋಟಿಗೂ ಈ ಮಾತು ಸರಿ. ಕಾಲಿಗೆ ಸರಿಯಲ್ಲ. ಒಳಗೆ ಪಾದ ಜಾರುವ ಶೂ ಹಾಕಿಕೊಂಡು ಇಳಿಜಾರು ಇಳಿದರೆ ಬೊಬ್ಬೆ ಏಳುತ್ತದೆ, ಮುಗ್ಗರಿಸಿ ಬೀಳುವುದೂ ಉಂಟು. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿದರೆ ಸಾಕು. ಇನ್ನು ಬೆನ್ನಿನ ಚೀಲ: ಒಂದು, ಎರಡನೇ ತರಗತಿಯ ಮಕ್ಕಳ ಚೀಲ 2 ಕೆಜಿ ಮೀರಬಾರದೆಂದು ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಹೇಳಿದೆ. ಪುಸ್ತಕಕ್ಕೆ ಇರುವ ಆ ಮಿತಿ ಪಿಕ್‌ನಿಕ್ಕಿಗೂ ಇರಲಿ. ಒಂದು ನೀರಿನ ಬಾಟಲಿ, ಒಂದು ಟವೆಲ್, ನಾಲ್ಕು ಚಕ್ಕುಲಿ. ತನ್ನ ಚೀಲವನ್ನು ತಾನೇ ಹೊರುವ ಸುಖವನ್ನು ಅರ್ಧ ದಾರಿಯಲ್ಲಿ ಕಿತ್ತುಕೊಳ್ಳುವಂತಾಗಬಾರದು.

ಅಂಗಡಿಯಾತ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಗಂಡು ಮಗುವಾ ಸರ್?" ಹೆಣ್ಣು ಎಂದ ಕೂಡಲೇ ಗುಲಾಬಿ ಬಣ್ಣದ ಕಪಾಟಿನ ಕಡೆ ಕೈ ತೋರಿಸಿದ. ಅವನನ್ನು ದೂರಲಾರೆ. ನಮ್ಮ ಮನೆಯಲ್ಲೂ ರಾತ್ರಿ ಗದ್ದೆಗೆ ನೀರು ನೋಡಲು ಹೋಗುವಾಗ ಬ್ಯಾಟರಿ ನನ್ನ ಕೈಗೆ ಬರುತ್ತಿತ್ತು. ತಂಗಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಹಾವು ಎಲ್ಲರಿಗೂ ಒಂದೇ, ಕತ್ತಲೂ ಒಂದೇ. ಅವಳಿಗೆ ಮಾತ್ರ ಯಾರೂ ಬ್ಯಾಟರಿ ಕೊಡಲಿಲ್ಲ. ಈಗ ಮಗಳಿಗೆ ಕಾಡಿನ ಸಾಮಾನು ತಾ ಎಂದು ಅವಳೇ ಕೇಳುತ್ತಿದ್ದಾಳೆ ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಚಿಂಪಾಂಜಿಗಳ ಜೊತೆ ಬದುಕು ಕಳೆದ ಜೇನ್ ಗುಡಾಲ್ ಪುಟ್ಟ ಹುಡುಗಿಯಾಗಿದ್ದಾಗ ಕೋಳಿ ಮೊಟ್ಟೆ ಇಡುವುದು ಹೇಗೆಂದು ನೋಡಲು ಕೋಳಿಗೂಡಿನೊಳಗೆ ಗಂಟೆಗಟ್ಟಲೆ ಅಡಗಿ ಕೂತಿದ್ದರು. ಮನೆಯವರೆಲ್ಲ ಹುಡುಕಿ ಹುಡುಕಿ ಸೋತಿದ್ದರು. ಮೈತುಂಬ ಹುಲ್ಲು ಅಂಟಿಸಿಕೊಂಡು ಓಡಿ ಬಂದ ಮಗಳನ್ನು ಕಂಡಾಗ ತಾಯಿ ಗದರಲಿಲ್ಲ. ಕೂತು, ಅವಳು ಕಂಡದ್ದನ್ನೆಲ್ಲ ಕೇಳಿಸಿಕೊಂಡರು. ಆ ದಿನ ಹುಡುಗಿಯ ಕೈಯಲ್ಲಿ ಯಾವ ಸಲಕರಣೆಯೂ ಇರಲಿಲ್ಲ.

ಹಾಗಾಗಿ ನಾನು ಕೊಳ್ಳುವುದು ಕಡಿಮೆಯೇ: ಭೂತಗನ್ನಡಿ, ಟಾರ್ಚು, ಒಂದು ಸಣ್ಣ ಚೀಲ. ಚೀಲದ ಒಳಜೇಬಿನಲ್ಲಿ ಒಂದು ಪತ್ರ ಇಡಬೇಕೆಂದಿದ್ದೇನೆ. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದಾಳೆ, ಅದಕ್ಕೆ ದಪ್ಪಕ್ಷರದಲ್ಲಿ ಬರೆಯಬೇಕು. ರಂಗನತಿಟ್ಟಿಗೆ ಹೋಗುವ ಭಾನುವಾರದ ತಾರೀಖು ಅದರಲ್ಲಿರುತ್ತದೆ. ದೋಣಿ ಗೂಡುಗಳಿಗೆ ಸಾಕಷ್ಟು ಹತ್ತಿರ ಹೋಗುವುದರಿಂದ ಬರಿಗಣ್ಣಿಗೇ ಬಣ್ಣದ ಕೊಕ್ಕರೆಯ ಮರಿಗಳು ಕಾಣುತ್ತವೆ. ನನ್ನ ಹಳೆಯ ದುರ್ಬೀನನ್ನೂ ಒಯ್ಯುತ್ತೇನೆ, ಬೇಕಾದರೆ ಒಂದು ಕಣ್ಣಿಗೆ ಹಿಡಿದು ನೋಡಲಿ. ಪತ್ರದಲ್ಲಿ ಅವಳಮ್ಮನ ಹೆಸರನ್ನೂ ಸೇರಿಸುತ್ತೇನೆ. ಆ ದಿನ ಅಡುಗೆ, ಬುತ್ತಿ ಎಲ್ಲ ನನ್ನ ಪಾಲಿಗೆ. ತಂಗಿ ದೋಣಿಯ ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಕೂರಬೇಕು.